ಥೀಟಾಗೆ ಇಳಿಸಿದರೆ ಸಮ್ಮೋಹನವೇ? ಮಿದುಳಿನ ಅಲೆ, ಎಚ್ಚರ, ಹಿಪ್ನೋಥೆರಪಿ: ಪ್ರಶ್ನೋತ್ತರ

ಪ್ರಶ್ನೆ (ತುಮಕೂರಿನ ಸದಸ್ಯೆ): ಮೇಡಂ, ನಮಸ್ಕಾರ. ಪಿಯುಸಿ ಓದುವ ಮಗಳಿಗೆ ಪರೀಕ್ಷೆ ಭಯ ಅಂತ ಒಂದು ಹಿಪ್ನೋಥೆರಪಿ (ಸಮ್ಮೋಹನ ಚಿಕಿತ್ಸೆ) ಕೇಂದ್ರದಲ್ಲಿ ವಿಚಾರಿಸಿದೆವು. ಗೋಡೆಯ ಮೇಲೆ ಚಾರ್ಟ್ ಇತ್ತು: ಬೀಟಾ ಎಚ್ಚರ, ಆಲ್ಫಾ ವಿಶ್ರಾಂತಿ, ಥೀಟಾ ಸಮ್ಮೋಹನ, ಡೆಲ್ಟಾ ಗಾಢನಿದ್ರೆ. ‘ಥೀಟಾಗೆ ಇಳಿಸಿದರೆ ಸುಪ್ತಮನಸ್ಸಿನ ಬಾಗಿಲು ತೆರೆಯುತ್ತೆ, ಆಗ ಹೇಳಿದ್ದೆಲ್ಲ ಒಳಗೆ ಕೂರುತ್ತೆ’ ಅಂದರು. ನಿಜವೇ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ನಮಸ್ಕಾರ. ಚಾರ್ಟ್‌ನಲ್ಲಿರುವ ಹೆಸರುಗಳು ಸರಿ, ಅದರಿಂದ ಎಳೆದ ತೀರ್ಮಾನ ತಪ್ಪು.

ಮನುಷ್ಯನ ಮಿದುಳಿನ ವಿದ್ಯುತ್ ಏರಿಳಿತವನ್ನು ಮೊದಲು ದಾಖಲಿಸಿದ್ದು ಜರ್ಮನಿಯ ಯೇನಾದಲ್ಲಿ ಹ್ಯಾನ್ಸ್ ಬರ್ಗರ್, 1924ರಲ್ಲಿ. ಪ್ರಕಟಿಸಿದ್ದು 1929ರಲ್ಲಿ. ಆಲ್ಫಾ, ಬೀಟಾ ಎಂದು ಹೆಸರಿಟ್ಟವರೂ ಅವರೇ. ಈಗ ಬಳಕೆಯಲ್ಲಿರುವ ವಿಂಗಡಣೆ ಸುಮಾರಾಗಿ ಹೀಗಿದೆ: ಡೆಲ್ಟಾ 0.5ರಿಂದ 4 ಹರ್ಟ್ಜ್ (ಅಂದರೆ ಸೆಕೆಂಡಿಗೆ ಅಷ್ಟು ಏರಿಳಿತ), ಥೀಟಾ 4–8, ಆಲ್ಫಾ 8–13, ಬೀಟಾ 13–30, ಅದರ ಮೇಲಿನದು ಗಾಮಾ. ಇವು ಮಹಡಿಗಳಲ್ಲ, ಒಂದೊಂದಾಗಿ ಇಳಿದುಕೊಂಡು ಹೋಗಲು. ಎಲ್ಲವೂ ಒಟ್ಟಿಗೇ ಇರುತ್ತವೆ. ತಲೆಯ ಯಾವ ಭಾಗದಲ್ಲಿ, ಯಾವ ಕೆಲಸದ ಹೊತ್ತಿನಲ್ಲಿ ಯಾವುದು ಹೆಚ್ಚು ಎಂಬುದಷ್ಟೇ ಬದಲಾಗುತ್ತದೆ.

ಥೀಟಾವನ್ನೇ ನೋಡಿ. ತೂಕಡಿಸುವಾಗ ಅದು ಹೆಚ್ಚುತ್ತದೆ. ಆದರೆ ಮನಸ್ಸಿನಲ್ಲೇ ಕಷ್ಟದ ಗುಣಾಕಾರ ಮಾಡುವಾಗಲೂ ಹಣೆಯ ಮಧ್ಯರೇಖೆಯ ಹತ್ತಿರ ಥೀಟಾ ಏರುತ್ತದೆ. ಅಂದರೆ ನಿಮ್ಮ ಮಗಳು ಗಣಿತದ ಪತ್ರಿಕೆ ಬಿಡಿಸುತ್ತಿರುವಾಗ ಆಕೆಗೆ ಥೀಟಾ ಧಾರಾಳವಾಗಿಯೇ ಇರುತ್ತದೆ. ಯಾವ ಬಾಗಿಲೂ ತೆರೆದುಕೊಳ್ಳುವುದಿಲ್ಲ.

ಪ್ರಶ್ನೆ (ಅದೇ ಸದಸ್ಯೆ): ಆದರೆ ಸಮ್ಮೋಹನದಲ್ಲಿ ಥೀಟಾ ಹೆಚ್ಚಾಗುತ್ತೆ ಅಂತ ಸಂಶೋಧನೆಗಳೇ ಹೇಳ್ತವಲ್ಲ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಹೇಳುತ್ತವೆ. ಹಲವು ಅಧ್ಯಯನಗಳಲ್ಲಿ, ಅದರಲ್ಲೂ ಸುಲಭವಾಗಿ ಸಮ್ಮೋಹನಕ್ಕೆ ಒಳಗಾಗುವವರಲ್ಲಿ, ಥೀಟಾ ಹೆಚ್ಚಿರುವುದು ಕಂಡಿದೆ. ಆದರೆ ಬರೀ ಇಇಜಿ (ಮಿದುಳಿನ ವಿದ್ಯುತ್ ಏರಿಳಿತದ ದಾಖಲೆ) ಹಾಳೆ ನೋಡಿ ‘ಇವರು ಸಮ್ಮೋಹನದಲ್ಲಿದ್ದಾರೆ, ಇವರು ಸುಮ್ಮನೆ ಕಣ್ಣು ಮುಚ್ಚಿ ಕೂತಿದ್ದಾರೆ’ ಎಂದು ಬೇರ್ಪಡಿಸುವಂಥ ಗುರುತು ಇಲ್ಲ. ಸಮ್ಮೋಹನ ನಿದ್ರೆಯಂತೂ ಅಲ್ಲವೇ ಅಲ್ಲ. ನಿದ್ರೆಯ ಎರಡನೇ ಹಂತದಲ್ಲಿ ಕಾಣುವ ಸ್ಪಿಂಡಲ್‌ಗಳೆಂಬ ಚುಟುಕು ಅಲೆಗುಚ್ಛಗಳಾಗಲಿ ಗಾಢನಿದ್ರೆಯ ದೊಡ್ಡ ಡೆಲ್ಟಾ ಅಲೆಗಳಾಗಲಿ ಅದರಲ್ಲಿ ಇರುವುದಿಲ್ಲ.

ಮೈ ಸಡಿಲವಾಗಲೇಬೇಕು ಎಂಬ ನಿಯಮವೂ ಇಲ್ಲ. 1976ರಲ್ಲಿ ಬಾನ್ಯಾಯಿ ಮತ್ತು ಹಿಲ್ಗಾರ್ಡ್ ಎಂಬ ಸಂಶೋಧಕರು ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್ ಮೇಲೆ ಜನರನ್ನು ಕೂರಿಸಿ, ಚುರುಕಾಗಿ ಪೆಡಲ್ ತುಳಿಸುತ್ತಲೇ ಸಮ್ಮೋಹನಕ್ಕೆ ಒಳಪಡಿಸಿದರು. ಸೂಚನೆಗಳಿಗೆ ಅವರು ಸಾಮಾನ್ಯ ವಿಧಾನದಲ್ಲಿ ಸ್ಪಂದಿಸುವಷ್ಟೇ ಸ್ಪಂದಿಸಿದರು. ‘ಆಳಕ್ಕೆ ಇಳಿಯುವುದು’ ಎನ್ನುವವರು ಈ ಪ್ರಯೋಗವನ್ನು ಎಂದೂ ಪ್ರಸ್ತಾಪಿಸುವುದಿಲ್ಲ!

ಬದಲಾಗುವುದು ಗಮನದ ರೀತಿ. 2016ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಪ್ರಕಟವಾದ ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್) ಅಧ್ಯಯನದಲ್ಲಿ ಸಮ್ಮೋಹನದ ವೇಳೆ ಆಂಟೀರಿಯರ್ ಸಿಂಗ್ಯುಲೇಟ್ ಎಂಬ ಭಾಗದ ಮೇಲ್ಬದಿಯ ಚಟುವಟಿಕೆ ತಗ್ಗಿತ್ತು. ಸುತ್ತಲಿನದರಲ್ಲಿ ಯಾವುದಕ್ಕೆ ಗಮನ ಕೊಡಬೇಕು ಎಂದು ತೂಗುವ ಕೆಲಸದಲ್ಲಿ ಈ ಭಾಗದ ಪಾತ್ರವಿದೆ. ಹಣೆಯ ಹಿಂದಿನ ನಿಯಂತ್ರಣ ಭಾಗಕ್ಕೂ ಒಡಲಿನ ಸಂವೇದನೆ ಗಮನಿಸುವ ಇನ್ಸುಲಾಕ್ಕೂ ಸಂಪರ್ಕ ಗಟ್ಟಿಯಾಗಿತ್ತು. ಇದು ಬೇಗ ಸ್ಪಂದಿಸುವವರಲ್ಲಿ ಕಂಡದ್ದು, ಎಲ್ಲರಲ್ಲೂ ಅಲ್ಲ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯ): ಸರ್, ನನ್ನ ಹತ್ರ ಹಣೆಗೆ ಕಟ್ಟುವ ಇಇಜಿ ಪಟ್ಟಿ ಐತಿ. ಸಮ್ಮೋಹನದ ಆಡಿಯೋ ಕೇಳುವಾಗ ಆ್ಯಪ್‌ನಾಗ ಡೆಲ್ಟಾ, ಥೀಟಾ ಎರಡೂ ಭಾಳ ಏರತಾವ. ಅಂದ್ರ ಆಡಿಯೋ ಕೆಲಸ ಮಾಡಾಕತ್ತೈತಿ ಅಂತ ಅಲ್ಲೇನ್ರಿ?

ಉತ್ತರ (ಇಇಜಿ ತಂತ್ರಜ್ಞ): ಆ ಆಡಿಯೋದಲ್ಲಿ ‘ಕಣ್ಣನ್ನು ಮೇಲಕ್ಕೆ ತಿರುಗಿಸಿ, ರೆಪ್ಪೆ ಭಾರವಾಗುತ್ತಿದೆ’ ಅಂತ ಬರುತ್ತದೆಯೇ? ಬಂದರೆ ನೀವು ನೋಡುತ್ತಿರುವುದು ಬಹುಶಃ ಕಣ್ಣುಗುಡ್ಡೆಯನ್ನು, ಮಿದುಳನ್ನಲ್ಲ. ಕಣ್ಣುಗುಡ್ಡೆಯ ಮುಂಭಾಗಕ್ಕೂ ಹಿಂಭಾಗಕ್ಕೂ ವಿದ್ಯುತ್ ವ್ಯತ್ಯಾಸವಿದೆ. ಅದು ಹೊರಳಿದರೆ, ರೆಪ್ಪೆ ಅಲುಗಿದರೆ, ಹಣೆಯ ಎಲೆಕ್ಟ್ರೋಡ್‌ನಲ್ಲಿ ನಿಧಾನವಾದ ದೊಡ್ಡ ಅಲೆ ಏಳುತ್ತದೆ. ನೆತ್ತಿಯ ಮೇಲಿನ ಇಇಜಿ ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್ ಮಾತ್ರ. ರೆಪ್ಪೆ ಬಡಿತ ಅದನ್ನು ಸುಲಭವಾಗಿ ಮೀರಿಸುತ್ತದೆ. ಆ್ಯಪ್ ಅದನ್ನು ಡೆಲ್ಟಾ ಖಾತೆಗೆ ಜಮೆ ಮಾಡುತ್ತದೆ. ಹಲ್ಲು ಕಚ್ಚಿದರೆ, ಹುಬ್ಬು ಗಂಟಿಕ್ಕಿದರೆ ಸ್ನಾಯುವಿನ ವಿದ್ಯುತ್ ಗದ್ದಲ ಬೀಟಾ, ಗಾಮಾ ಖಾತೆಗೆ. ಚಾರ್ಜರ್ ಹತ್ತಿರವಿದ್ದರೆ ನಮ್ಮ ದೇಶದ ಕರೆಂಟಿನ 50 ಹರ್ಟ್ಜ್ ಅದಕ್ಕೆ ಸೇರುತ್ತದೆ.

ಪಟ್ಟಿ ಸರಿ ಅಳೆಯುತ್ತಿದೆಯೇ ಎಂದು ನೋಡಲು: ಅಲುಗದೆ ಕೂತು 30 ಸೆಕೆಂಡ್ ಕಣ್ಣು ತೆರೆದಿರಿ, 30 ಸೆಕೆಂಡ್ ಮುಚ್ಚಿರಿ, ಮೂರು ಸಲ. ಮುಚ್ಚಿದಾಗ ಆಲ್ಫಾ ಏರಿ ತೆರೆದಾಗ ಇಳಿಯಬೇಕು. ಆಲ್ಫಾ ಚೆನ್ನಾಗಿ ಸಿಗುವುದು ತಲೆಯ ಹಿಂಬದಿಯಲ್ಲಿ. ಹಣೆಯಲ್ಲಿ ಮಸುಕು, ಕಿವಿಯ ಹಿಂದಿನ ಎಲೆಕ್ಟ್ರೋಡ್‌ನಲ್ಲಿ ಸ್ವಲ್ಪ ವಾಸಿ. ಕೆಲವರಲ್ಲಿ ಆಲ್ಫಾ ಹುಟ್ಟಿನಿಂದಲೇ ಕಡಿಮೆ. ಅದು ರೋಗವಲ್ಲ. ಈ ಏರಿಳಿತವೇ ಕಾಣದಿದ್ದರೆ ಉಳಿದ ಅಂಕಿಗಳನ್ನು ನಂಬಬೇಡಿ.

ಎಣ್ಣೆ ವಿಷಯ ಹೇಳಲೇಬೇಕು. ಆಸ್ಪತ್ರೆಯ ಇಇಜಿಗೂ ಇದೇ ಮಾತು: ಹಿಂದಿನ ದಿನ ಶಾಂಪೂ ಹಾಕಿ ತಲೆಸ್ನಾನ ಮಾಡಿ ಬನ್ನಿ, ಕೊಬ್ಬರಿ ಎಣ್ಣೆ ಹಚ್ಚಬೇಡಿ. ಎಣ್ಣೆಯಿದ್ದರೆ ಎಲೆಕ್ಟ್ರೋಡ್‌ಗೂ ಚರ್ಮಕ್ಕೂ ನಡುವಿನ ತಡೆ ಏರುತ್ತದೆ. ನಾವು ಅದನ್ನು 5 ಕಿಲೋಓಮ್‌ಗಿಂತ ಕೆಳಗಿಡಲು ನೋಡುತ್ತೇವೆ. ಎಣ್ಣೆತಲೆಯಲ್ಲಿ ಅಷ್ಟಕ್ಕೇ ಅರ್ಧ ಗಂಟೆ ಹೋಗುತ್ತದೆ.

ಪ್ರಶ್ನೆ (ಮೈಸೂರಿನ ಸದಸ್ಯ): ಮಾಂಡೂಕ್ಯ ಉಪನಿಷತ್ತಿನ ಜಾಗ್ರತ್ (ಎಚ್ಚರ), ಸ್ವಪ್ನ, ಸುಷುಪ್ತಿ (ಗಾಢನಿದ್ರೆ), ತುರೀಯ (ಈ ಮೂರನ್ನೂ ಮೀರಿದ ನಾಲ್ಕನೆಯದು) ಇವೇ ಬೀಟಾ, ಥೀಟಾ, ಡೆಲ್ಟಾ, ಗಾಮಾ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಒಪ್ಪಬಹುದೇ?

ಉತ್ತರ (ಇಇಜಿ ತಂತ್ರಜ್ಞ): ಸುಷುಪ್ತಿ–ಡೆಲ್ಟಾ ಜೋಡಿ ಒಂದಿಷ್ಟು ಹೊಂದುತ್ತದೆ. ಗಾಢನಿದ್ರೆ ಎಂದು ನಾವು ಗುರುತು ಹಾಕುವುದೇ 30 ಸೆಕೆಂಡಿನ ತುಣುಕಿನಲ್ಲಿ 75 ಮೈಕ್ರೋವೋಲ್ಟ್ ಮೀರಿದ ನಿಧಾನ ಅಲೆಗಳು ಶೇ 20ರಷ್ಟಾದರೂ ಇದ್ದಾಗ. ಸ್ವಪ್ನದಲ್ಲಿ ಲೆಕ್ಕ ತಪ್ಪುತ್ತದೆ. ಎದ್ದುಕಾಣುವ ಕನಸು ಹೆಚ್ಚಾಗಿ ಬೀಳುವ ರೆಮ್ ನಿದ್ರೆಯ ಇಇಜಿ ಚಿಕ್ಕದು, ಮಿಶ್ರ, ಎಚ್ಚರದ್ದಕ್ಕೆ ಹತ್ತಿರ. ಕಣ್ಣಿನ ಓಟ ಮತ್ತು ಗಲ್ಲದ ಸ್ನಾಯುವಿನ ಸಡಿಲಿಕೆಯನ್ನು ಬೇರೆಯಾಗಿ ಅಳೆಯದಿದ್ದರೆ ನಮಗೇ ಅದು ಎಚ್ಚರದಂತೆ ಕಾಣುತ್ತದೆ. ತುರೀಯವನ್ನು ಹರ್ಟ್ಜ್‌ನಲ್ಲಿ ಹಿಡಿಯಲು ಹೋಗುವುದು ಉಪನಿಷತ್ತಿಗೂ ನ್ಯಾಯವಲ್ಲ, ಇಇಜಿಗೂ ಅಲ್ಲ.

ಪ್ರಶ್ನೆ (ಮಂಗಳೂರಿನ ಸದಸ್ಯೆ): ಯೂಟ್ಯೂಬ್‌ನ ಬೈನಾರಲ್ ಬೀಟ್ಸ್ ಸ್ಪೀಕರ್‌ನಲ್ಲಿ ಹಾಕಿ ಮಲಗಿದರೆ ಆಗುತ್ತದಾ?

ಉತ್ತರ (ಇಇಜಿ ತಂತ್ರಜ್ಞ): ಸ್ಪೀಕರ್‌ನಲ್ಲಿ ಹಾಕಿದರೆ ಅದು ಬೈನಾರಲ್ಲೇ ಅಲ್ಲ. ಒಂದು ಕಿವಿಗೆ 200 ಹರ್ಟ್ಜ್, ಇನ್ನೊಂದಕ್ಕೆ 206 ಹರ್ಟ್ಜ್ ಬೇರೆಬೇರೆಯಾಗಿ ಹೋಗಬೇಕು. ಆಗ 6 ಹರ್ಟ್ಜ್‌ನ ಮಿಡಿತ ಮಿದುಳಿನೊಳಗೇ ಹುಟ್ಟುತ್ತದೆ. ಅದಕ್ಕೆ ಹೆಡ್‌ಫೋನ್ ಬೇಕೇ ಬೇಕು. ಕೇಳುವ ಸ್ವರ 1000 ಹರ್ಟ್ಜ್ ದಾಟಿದರೆ ಮಿಡಿತ ಮಾಯ. ಇಷ್ಟೆಲ್ಲ ಸರಿ ಮಾಡಿದರೂ ಮಿದುಳಿನ ಅಲೆ ಆ ತಾಳಕ್ಕೆ ಕುಣಿಯುತ್ತದೆ ಎಂಬುದಕ್ಕೆ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ. ಹಿತ ಅನ್ನಿಸಿದರೆ ಕಡಿಮೆ ಸದ್ದಿನಲ್ಲಿ ಕೇಳಿ. ‘528 ಹರ್ಟ್ಜ್’ ಸಂಗೀತ ಬೇರೆಯದೇ ಸರಕು. ಅದು ಸ್ವರದ ಸಂಖ್ಯೆ, ಮಿದುಳಿನ ಅಲೆಗೂ ಅದಕ್ಕೂ ಸಂಬಂಧವಿಲ್ಲ.

ಮಿದುಳಿನ ಅಲೆ ಬದಲಿಸುತ್ತವೆ ಎಂದು ಮಾರುವ, ಮಿನುಗುವ ದೀಪದ ಕನ್ನಡಕಗಳ ವಿಷಯದಲ್ಲಿ ಎಚ್ಚರ. ಸೆಕೆಂಡಿಗೆ 15ರಿಂದ 25 ಸಲ ಮಿನುಗುವ ಬೆಳಕು ಬೆಳಕಿಗೆ ಸೂಕ್ಷ್ಮವಾಗಿರುವವರಲ್ಲಿ ಫಿಟ್ಸ್ ತರಿಸಬಲ್ಲದು.

ಪ್ರಶ್ನೆ (ಶಿವಮೊಗ್ಗದ ಸದಸ್ಯ): ಅಮ್ಮನಿಗೆ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್ ಎಂಬ ಕರುಳಿನ ತೊಂದರೆ) ಇದೆ. ಹೊಟ್ಟೆನೋವು, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ. ವರ್ಷ ದಾಟಿದರೂ ಮಾತ್ರೆಯಿಂದ ಅರ್ಧ ಪರಿಹಾರ. ಡಾಕ್ಟರೇ ಹಿಪ್ನೋಥೆರಪಿ ನೋಡಿ ಅಂದರು. ಅಲ್ಲಿ ನಿಜಕ್ಕೂ ಏನು ಮಾಡುತ್ತಾರೆ ಮೇಡಂ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಒಳ್ಳೆಯ ಸಲಹೆ ಕೊಟ್ಟಿದ್ದಾರೆ. ಹಿಪ್ನೋಥೆರಪಿಗೆ ಗಟ್ಟಿ ಆಧಾರವಿರುವ ಕೆಲವೇ ತೊಂದರೆಗಳಲ್ಲಿ ಇದೊಂದು. 1984ರಲ್ಲಿ ಮ್ಯಾಂಚೆಸ್ಟರ್‌ನ ಪೀಟರ್ ವೋರ್ವೆಲ್ ತಂಡ ಬೇರೆ ಚಿಕಿತ್ಸೆಗೆ ಬಗ್ಗದ 30 ರೋಗಿಗಳ ಮೇಲೆ ಪರೀಕ್ಷಿಸಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿತು. 12 ತಿಂಗಳ ಔಷಧಿಗೂ ಬಗ್ಗದಿದ್ದರೆ ಇಂಥ ಮಾನಸಿಕ ಚಿಕಿತ್ಸೆಗಳನ್ನು ಪರಿಗಣಿಸಿ ಎಂದು ಬ್ರಿಟನ್ನಿನ ನೈಸ್ ಎಂಬ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 2008ರಿಂದ ಹೇಳುತ್ತಿದೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಕೆ, ರಕ್ತಹೀನತೆ, ಇವು ಇದ್ದರೆ ಮೊದಲು ಗ್ಯಾಸ್ಟ್ರೋ ಡಾಕ್ಟರ ಹತ್ತಿರವೇ ಪರೀಕ್ಷೆ ಮುಗಿಸಿ.

ಸಾಮಾನ್ಯವಾಗಿ ವಾರಕ್ಕೊಂದರಂತೆ 7ರಿಂದ 12 ಸಲ. ಮೊದಲ ಸಲ ಸಮ್ಮೋಹನ ಇರುವುದಿಲ್ಲ. ತೊಂದರೆ, ಔಷಧಿ, ಭಯಗಳನ್ನು ಕೇಳಿಕೊಳ್ಳುತ್ತಾರೆ, ಕರುಳು–ಮಿದುಳಿನ ನಂಟು ವಿವರಿಸುತ್ತಾರೆ. ಎರಡನೆಯದರಿಂದ ಕ್ರಮ ಹೀಗಿರುತ್ತದೆ. ಒರಗು ಕುರ್ಚಿಯಲ್ಲಿ ಪಾದ ನೆಲಕ್ಕೂರಿ ಕೂರಿಸುತ್ತಾರೆ (ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಮೊದಲೇ ತೆಗೆಯಬೇಕು). ತಲೆ ಎತ್ತದೆ ಕಣ್ಣು ಮಾತ್ರ ಮೇಲೆತ್ತಿ ಒಂದು ಬಿಂದುವನ್ನು ನೋಡಿಸುತ್ತಾರೆ. ರೆಪ್ಪೆ ದಣಿದು ತಾನಾಗಿ ಮುಚ್ಚುತ್ತದೆ. ಉಸಿರು ಬಿಡುವುದು ಎಳೆದುಕೊಳ್ಳುವುದಕ್ಕಿಂತ ಉದ್ದವಾಗುತ್ತದೆ. ಇದಕ್ಕೆ 5ರಿಂದ 8 ನಿಮಿಷ. ಆಮೇಲೆ 10ರಿಂದ 1ಕ್ಕೆ ಎಣಿಕೆ. ಆಮೇಲೆ ಮುಖ್ಯ ಭಾಗ, 15–20 ನಿಮಿಷ: ಅಂಗೈಯನ್ನು ಹೊಟ್ಟೆಯ ಮೇಲಿಟ್ಟು ಅಲ್ಲಿ ಬಿಸುಪು ಹರಡುವುದನ್ನು ಅನುಭವಿಸುವುದು, ಕರುಳಿನ ಚಲನೆಯನ್ನು ನದಿಯ ಹರಿವಾಗಿ ಕಲ್ಪಿಸಿ ಹದಕ್ಕೆ ತರುವುದು. ನಿಮ್ಮ ಅಮ್ಮನಿಗೆ ತುಂಗೆಯ ಪರಿಚಯ ಇದ್ದೇ ಇರುತ್ತದೆ. ಭೇದಿಯ ದಿನಗಳಿಗೆ ಮಳೆಗಾಲದ ಹೊಳೆ ಇಳಿದು ತಿಳಿಯಾಗುವಂತೆ, ಮಲಬದ್ಧತೆಗೆ ನಿಂತ ನೀರು ಮೆಲ್ಲಗೆ ಸರಿಯುವಂತೆ. ಕೊನೆಗೆ 1ರಿಂದ 5 ಎಣಿಸಿ, ಕೈಕಾಲಿನ ಭಾರ ಹೋಯಿತು ಎಂದು ಬಾಯಿಬಿಟ್ಟು ಹೇಳಿ ಎಬ್ಬಿಸುತ್ತಾರೆ. ಈ ಕೊನೆಯದನ್ನು ಅವಸರದಲ್ಲಿ ಮುಗಿಸಿದರೆ ತಲೆಭಾರ, ಮಂಪರು ಉಳಿಯುತ್ತದೆ. ಅಂಥ ಹೊತ್ತಿನಲ್ಲಿ ಸ್ಕೂಟರ್ ಹತ್ತಬಾರದು.

ಮನೆಯಲ್ಲಿ ದಿನವೂ 15–20 ನಿಮಿಷ ರೆಕಾರ್ಡಿಂಗ್ ಕೇಳಿ ಅಭ್ಯಾಸ ಮಾಡಬೇಕು. ಬಹಳ ಜನ ಸೋಲುವುದು ಇಲ್ಲಿಯೇ. ಚಿಕಿತ್ಸಕರ ಕಡೆಯಿಂದ ಆಗುವ ತಪ್ಪುಗಳೂ ಇವೆ: ಎಲ್ಲರಿಗೂ ಒಂದೇ ಬರಹ ಓದುವುದು, ನೀರಿಗೆ ಹೆದರುವವರಿಗೆ ಕಡಲತೀರ ಕಲ್ಪಿಸಲು ಹೇಳುವುದು, ‘ನೋವು ಬರುವುದಿಲ್ಲ, ನೋವು ಬರುವುದಿಲ್ಲ’ ಎಂದು ನೋವನ್ನೇ ನೆನಪಿಸುವುದು.

ಪ್ರಶ್ನೆ (ಅದೇ ಸದಸ್ಯ): ರೆಕಾರ್ಡಿಂಗ್ ಕೇಳುತ್ತಾ ಅಮ್ಮ ಗೊರಕೆ ಹೊಡೆದರೆ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಒಳ್ಳೆಯ ನಿದ್ದೆ, ಅಷ್ಟೇ. ನಿದ್ದೆಯಲ್ಲಿ ಕೇಳಿಸಿದ ಸೂಚನೆಯಿಂದ ಲಾಭವಿಲ್ಲ. ಮಲಗಿ ಕೇಳಬೇಡಿ, ಊಟವಾದ ಕೂಡಲೇ ಬೇಡ, ರಾತ್ರಿಯ ಬದಲು ಸಂಜೆ ಕೂತು ಕೇಳಲಿ. ಮೊಣಕೈಯನ್ನು ಕುರ್ಚಿಯ ಕೈಗೂರಿ ಮುಂಗೈ ಎತ್ತಿ ಹಿಡಿದಿರಲಿ. ನಿದ್ದೆ ಬಂದರೆ ಕೈ ಬಿದ್ದು ಎಚ್ಚರವಾಗುತ್ತದೆ. ಸಮ್ಮೋಹನದಲ್ಲೇ ‘ಸಿಕ್ಕಿಹಾಕಿಕೊಳ್ಳುವ’ ಭಯ ಬೇಡ. ರೆಕಾರ್ಡಿಂಗ್ ಅರ್ಧಕ್ಕೆ ನಿಂತರೆ ಕಣ್ಣು ತೆರೆಯುತ್ತಾರೆ, ಇಲ್ಲವೇ ನಿದ್ದೆಗೆ ಜಾರಿ ಏಳುತ್ತಾರೆ.

ಪ್ರಶ್ನೆ (ಬೆಂಗಳೂರಿನ ಸದಸ್ಯೆ): ಸಮ್ಮೋಹನದಲ್ಲಿ ಹಿಂದಿನ ಜನ್ಮದ ನೆನಪು ತೆಗೆಯುವ ‘ರಿಗ್ರೆಶನ್’ ನಿಜವೇ? ಪೊಲೀಸರ ಬ್ರೈನ್ ಮ್ಯಾಪಿಂಗ್ ಕೂಡ ಹೀಗೆಯೇ ಸತ್ಯ ಹೊರತೆಗೆಯುತ್ತದೆ ಅಂತಾರಲ್ಲ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಎರಡೂ ಬೇರೆ. ಸಮ್ಮೋಹನದಲ್ಲಿ ನೆನಪು ಹೆಚ್ಚು ನಿಖರವಾಗುವುದಿಲ್ಲ. ನೆನಪಿನ ಮೇಲಿನ ಭರವಸೆ ಮಾತ್ರ ಹೆಚ್ಚುತ್ತದೆ, ಅದೇ ಅಪಾಯ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1985ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ‘ಚಿಕ್ಕವಳಿದ್ದಾಗ ಏನೋ ಆಗಿರಬೇಕು, ಹುಡುಕಿ’ ಎಂದರೆ ಮನಸ್ಸು ಹುಡುಕಿ ಕೊಟ್ಟೇ ಕೊಡುತ್ತದೆ, ನಡೆದಿರಲಿ ಬಿಡಲಿ. ಕುಟುಂಬಗಳು ಒಡೆಯುವುದಕ್ಕೆ ಅಷ್ಟು ಸಾಕು.

ಬ್ರೈನ್ ಮ್ಯಾಪಿಂಗ್‌ನಲ್ಲಿ ಸಮ್ಮೋಹನ ಇಲ್ಲ. ಪರಿಚಿತ ವಿಷಯಕ್ಕೆ ಸುಮಾರು 300 ಮಿಲಿಸೆಕೆಂಡಿಗೆ ಏಳುವ ಪಿ300 ಎಂಬ ಅಲೆಯನ್ನು ಹುಡುಕುತ್ತಾರೆ. ಅದು ಗುರುತನ್ನು ತೋರಿಸಬಹುದು, ಅಪರಾಧವನ್ನಲ್ಲ. ಪತ್ರಿಕೆಯಲ್ಲಿ ಓದಿದವರಿಗೂ ಆ ಅಲೆ ಏಳಬಹುದು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ನಾರ್ಕೋ, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದು ತೀರ್ಪಿತ್ತಿದೆ.

ಪ್ರಶ್ನೆ (ತುಮಕೂರಿನ ಸದಸ್ಯೆ): ಹಾಗಾದರೆ ಮಗಳನ್ನು ಯಾರ ಹತ್ತಿರ ಕರೆದುಕೊಂಡು ಹೋಗಲಿ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿಯಾದ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಮನೋವೈದ್ಯರ ಹತ್ತಿರ. ನೋಂದಣಿ ಸಂಖ್ಯೆ ಕೇಳಿ, ಕೇಳುವುದು ಅವಮಾನವಲ್ಲ. ಎರಡು ದಿನದ ಕೋರ್ಸಿನ ಸರ್ಟಿಫಿಕೇಟ್ ಅದಕ್ಕೆ ಬದಲಿಯಲ್ಲ. ಪರೀಕ್ಷೆ ಭಯಕ್ಕೆ ಮೊದಲ ಆಯ್ಕೆ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ. ಸಮ್ಮೋಹನವನ್ನು ಅದರ ಜೊತೆಗೆ ಸೇರಿಸಬಹುದು. ಆಕೆ ಹದಿನೆಂಟರ ಒಳಗಿನವಳಾದರೆ ನಿಮ್ಮ ಒಪ್ಪಿಗೆ ಬೇಕು, ನೀವೋ ಮನೆಯ ಇನ್ನೊಬ್ಬರೋ ಹತ್ತಿರ ಇರಿ. ಇಲ್ಲದ್ದು ಕೇಳಿಸುವುದು, ಇಲ್ಲದ ಸಂಶಯ, ತೀವ್ರ ಮನಸ್ಥಿತಿ ಏರಿಳಿತ, ಹಿಡಿತಕ್ಕೆ ಬಾರದ ಫಿಟ್ಸ್ ಇದ್ದರೆ ಮನೋವೈದ್ಯರನ್ನು ಕೇಳದೆ ಸಮ್ಮೋಹನ ಬೇಡ. ನಡೆಯುತ್ತಿರುವ ಮಾತ್ರೆ ನಿಲ್ಲಿಸಿ ಎನ್ನುವವರಿಂದ ಎದ್ದು ಬನ್ನಿ. ತಕ್ಷಣ ಯಾರೊಂದಿಗಾದರೂ ಮಾತಾಡಬೇಕೆನಿಸಿದರೆ ಟೆಲಿ ಮಾನಸ್ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು.