ಸಹಾಯ ಬೇಕು: ಲೈಬ್ರರಿಯ ಹಳೇ ಫೈಲುಗಳಿಗೆ ಲೇಬಲ್ ಹಾಕುವುದು ಹೇಗೆ?

ಶಿರಸಿಯ ಅಡಿಕೆ ವಹಿವಾಟಿನ ಕಚೇರಿಯೊಂದರ ಶೇರ್‌ಪಾಯಿಂಟ್ (ಮೈಕ್ರೋಸಾಫ್ಟ್‌ನ ಆನ್‌ಲೈನ್ ಫೈಲ್ ಸಂಗ್ರಹ) ಲೈಬ್ರರಿ. ಸದಸ್ಯರ ಖಾತೆ, ಟೆಂಡರ್ ದರಪಟ್ಟಿ ಎಲ್ಲ ಅಲ್ಲೇ. ಲೈಬ್ರರಿ ಸೆಟ್ಟಿಂಗ್ಸ್‌ನಲ್ಲಿ 'ಗೌಪ್ಯ' ಎಂಬ ಡೀಫಾಲ್ಟ್ ಸೆನ್ಸಿಟಿವಿಟಿ ಲೇಬಲ್ (ಫೈಲು ಎಷ್ಟು ಗುಟ್ಟಿನದು ಎಂದು ಹೇಳುವ ಗುರುತು) ಇಟ್ಟಿದೆ. ಹೊಸ ವರ್ಡ್, ಎಕ್ಸೆಲ್ ಫೈಲಿಗೂ ತಿದ್ದಿ ಸೇವ್ ಮಾಡಿದ ಹಳೆಯದಕ್ಕೂ ಲೇಬಲ್ ಬರುತ್ತಿದೆ. ಯಾರೂ ತೆರೆಯದ ಸುಮಾರು 1,800 ಫೈಲು ಮಾತ್ರ ಹಾಗೇ ಇವೆ. ಡೀಫಾಲ್ಟ್ ಲೇಬಲ್ ಅವನ್ನು ಮುಟ್ಟುವುದಿಲ್ಲ, ಗೊತ್ತು. ಒಂದೊಂದೇ ತೆರೆದು ಸೇವ್ ಮಾಡುತ್ತ ಕೂತರೆ ಮಳೆಗಾಲವೇ ಮುಗಿದೀತು!

ಮೈಕ್ರೋಸಾಫ್ಟ್‌ನ ದತ್ತಾಂಶ ರಕ್ಷಣೆಯ ಸಾಧನವಾದ ಪರ್‌ವ್ಯೂನ ಆಟೋ-ಲೇಬಲಿಂಗ್ ಪಾಲಿಸಿಯನ್ನು (ಷರತ್ತಿಗೆ ಹೊಂದುವ ಫೈಲಿಗೆ ತಾನಾಗಿ ಲೇಬಲ್ ಹಾಕುವ ನಿಯಮ) ಮೊದಲು ಸಿಮ್ಯುಲೇಷನ್‌ನಲ್ಲಿ, ಅಂದರೆ ಲೇಬಲ್ ಹಾಕದೆ ಬರೀ ಪರೀಕ್ಷೆಗೆ, ಓಡಿಸುವ ಯೋಚನೆಯಿದೆ. ಆಧಾರ್, ಪ್ಯಾನ್ ಸಂಖ್ಯೆಯ ಷರತ್ತು ಖಾತೆ ಫೈಲುಗಳಿಗೆ ಸಾಕು, ದರಪಟ್ಟಿಯಲ್ಲಿ ಅವಿರುವುದಿಲ್ಲವಲ್ಲ. 'ರಾಶಿ', 'ಚಾಲಿ', 'ಬೆಟ್ಟೆ' ಎಂದು ಅಡಿಕೆಯ ಬಗೆಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಕೀವರ್ಡ್ ಪಟ್ಟಿ ಕೊಟ್ಟು ಯಾರಾದರೂ ನೋಡಿದ್ದೀರಾ? ಸರಿಯಾಗಿ ಹಿಡಿಯುತ್ತದೆಯೇ? ಕೈಯಾರೆ 'ಸಾರ್ವಜನಿಕ' ಎಂದು ಹಾಕಿದ್ದನ್ನು ಪಾಲಿಸಿ ಬದಲಿಸದು. ಅವನ್ನು ಸೆನ್ಸಿಟಿವಿಟಿ ಕಾಲಂ ಫಿಲ್ಟರ್ ಮಾಡಿ ಹುಡುಕುತ್ತೇವೆ.