ಹಳೆ ಸ್ಪೋರ್ಟ್ಸ್ ಕಾರಿನ ಪೆಟ್ರೋಲ್ ಟ್ಯಾಂಕ್: ಗಾಳಿ ದಾರಿ ಮತ್ತು ಹೋಸುಗಳು – ಅನುಭವ ಹಂಚಿಕೆ

ಪ್ರಶ್ನೆ: ಎಂಬತ್ತರ ದಶಕದ ಫ್ಯುಯಲ್ ಇಂಜೆಕ್ಷನ್ ಕಾರು. ಅರ್ಧ ಗಂಟೆ ವೇಗವಾಗಿ ಓಡಿಸಿದ ಮೇಲೆ ಎಳೆತ ಕುಗ್ಗುತ್ತದೆ, ಪಂಪಿನ ಸದ್ದು ಜೋರಾಗುತ್ತದೆ. ಟ್ಯಾಂಕ್ ಮುಚ್ಚಳ ತಿರುಗಿಸಿದರೆ ಬುಸ್ ಅನ್ನುತ್ತದೆ, ಮತ್ತೆ ಮುಚ್ಚಿ ಹೊರಟರೆ ಸರಿಯಾಗಿ ಓಡುತ್ತದೆ. ಬೆಳಿಗ್ಗೆ ಗ್ಯಾರೇಜ್ ತೆರೆದಾಗ ಪೆಟ್ರೋಲ್ ವಾಸನೆ ಬೇರೆ. ಯಾವ ಹೋಸು ಬದಲಿಸಬೇಕು? ಮುಚ್ಚಳಕ್ಕೆ ಒಂದು ತೂತು ಕೊರೆದರೆ ಆಗುವುದಿಲ್ಲವೇ?

ಉತ್ತರ 1

ತೂತು ಮಾತ್ರ ಕೊರೆಯಬೇಡಿ. ತಿರುವಿನಲ್ಲಿ ಪೆಟ್ರೋಲ್ ಅಲ್ಲಿಂದಲೇ ಚೆಲ್ಲುತ್ತದೆ. ಕಾರು ಮಗುಚಿದರೆ ಅದು ತೆರೆದ ನಲ್ಲಿಯೇ ಸರಿ.

ಟ್ಯಾಂಕಿಗೆ ಎರಡು ದಿಕ್ಕಿನ ಉಸಿರಾಟ ಬೇಕು. ಪೆಟ್ರೋಲ್ ಖಾಲಿಯಾದಷ್ಟೂ ಗಾಳಿ ಒಳಗೆ ಬರಬೇಕು, ಬಿಸಿಯೇರಿದಾಗ ಆವಿ ಹೊರಗೆ ಹೋಗಬೇಕು. 60 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ಸುಮಾರು 1.1 ಲೀಟರ್ ಹಿಗ್ಗುತ್ತದೆ. ಆ ಹಿಗ್ಗಿಗೆ ಜಾಗ ಕೊಡುವುದಕ್ಕೇ ಟ್ಯಾಂಕಿನ ಮೇಲ್ಭಾಗದಲ್ಲಿ ಖಾಲಿ ಜಾಗವೋ ಪಕ್ಕದಲ್ಲೊಂದು ಚಿಕ್ಕ ಎಕ್ಸ್‌ಪಾನ್ಷನ್ ಡಬ್ಬಿಯೋ ಇರುತ್ತದೆ. ಅಲ್ಲಿಂದ ಹೊರಟ ಆವಿ ಚಾರ್ಕೋಲ್ ಕ್ಯಾನಿಸ್ಟರ್‌ಗೆ (ಆವಿ ಹೀರಿಟ್ಟುಕೊಳ್ಳುವ ಇದ್ದಿಲಿನ ಡಬ್ಬಿ) ಹೋಗುತ್ತದೆ, ಎಂಜಿನ್ ಓಡುವಾಗ ಅದು ಪರ್ಜ್ ವಾಲ್ವ್ ಮೂಲಕ ಆ ಆವಿಯನ್ನು ಎಳೆದುಕೊಂಡು ಸುಡುತ್ತದೆ. ಅಮೆರಿಕದಲ್ಲಿ 1971ರ ಮಾಡೆಲ್‌ಗಳಿಂದ ಈ ಆವಿ ನಿಯಂತ್ರಣ ಕಡ್ಡಾಯವಾಯಿತು (ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷ ಮೊದಲು). ಆದ್ದರಿಂದ ಒಂದೇ ಕಾರು ಬೇರೆ ಬೇರೆ ಮಾರುಕಟ್ಟೆಗೆ ಬೇರೆ ಬೇರೆ ಪೈಪುಗಳೊಂದಿಗೆ ಬಂದಿರಬಹುದು. ನಿಮ್ಮ ಚಾಸಿಸ್ ನಂಬರಿಗೆ ಹೊಂದುವ ಪಾರ್ಟ್ಸ್ ಚಿತ್ರವನ್ನೇ ನೋಡಿ.

ಬುಸ್ ಅಂದದ್ದು ಒಳಗೋ ಹೊರಗೋ? ಮುಚ್ಚಳ ಸಡಿಲಿಸುವಾಗ ಟಿಶ್ಯೂ ಕಾಗದದ ತೆಳು ಪಟ್ಟಿಯನ್ನು ಅಂಚಿಗೆ ಹಿಡಿಯಿರಿ. ಹೊರಗೆ ಹಾರಿದರೆ ಆವಿಯ ಒತ್ತಡ. ಬಿಸಿಲಲ್ಲಿ ಸ್ವಲ್ಪ ಹಾರುವುದು ಸಹಜವೇ. ಒಳಗೆ ಅಂಟಿಕೊಂಡರೆ ಟ್ಯಾಂಕಿನಲ್ಲಿ ನಿರ್ವಾತ, ಅಂದರೆ ಗಾಳಿ ಒಳಬರುವ ದಾರಿ ಕಟ್ಟಿದೆ. ನಿಮ್ಮ ಲಕ್ಷಣಗಳು ಇದನ್ನೇ ಹೇಳುತ್ತಿವೆ.

ಉತ್ತರ 2

ಮೇಲಿನದಕ್ಕೆ ಒಂದು ಮುಖ್ಯ ಸೇರ್ಪಡೆ. ಟ್ಯಾಂಕಿನಲ್ಲಿ ನಿರ್ವಾತ ನಿಲ್ಲುತ್ತಿದೆ ಎಂದರೆ ಕಟ್ಟಿಕೊಂಡ ಜಾಗದವರೆಗಿನ ಮೇಲಿನ ಹೋಸುಗಳಲ್ಲಿ ದೊಡ್ಡ ಬಿರುಕಿಲ್ಲ. ಬಿರುಕಿದ್ದರೆ ಗಾಳಿ ಅಲ್ಲಿಂದಲೇ ನುಗ್ಗುತ್ತಿತ್ತು. ಹಾಗಾಗಿ ರಾತ್ರಿಯ ವಾಸನೆಗೆ ಮೊದಲು ಹುಡುಕಬೇಕಾದದ್ದು ಕೆಳಗೆ, ಟ್ಯಾಂಕಿನಿಂದ ಪಂಪಿಗೆ ಹೋಗುವ ಹೋಸಿನಲ್ಲಿ. ಅದು ಬಿರಿದಿದ್ದರೆ ಓಡುವಾಗ ಗಾಳಿ ಎಳೆದುಕೊಂಡು ಪಂಪು ಕೂಗುತ್ತದೆ, ನಿಂತಾಗ ಪೆಟ್ರೋಲ್ ಜಿನುಗುತ್ತದೆ. ಎರಡು ಕಾಯಿಲೆ ಒಟ್ಟಿಗೆ ಇರಬಹುದು.

ಹಳೆ ಯುರೋಪಿಯನ್ ಕಾರುಗಳಲ್ಲಿ ಬಟ್ಟೆ ಹೆಣೆದ ಹೋಸುಗಳಿರುತ್ತವೆ. ಹೊರಗಿನ ನೂಲು ಗಟ್ಟಿಯಾಗಿ ಕಂಡರೂ ಒಳಗಿನ ರಬ್ಬರ್ ಸತ್ತಿರುತ್ತದೆ. ಬೆರಳಲ್ಲಿ ಬಗ್ಗಿಸಿ, ಕರಕರ ಎಂದರೆ ಕಿತ್ತುಹಾಕಿ. ಒಣ ಬಿಳಿ ಬಟ್ಟೆಯಿಂದ ಒರೆಸಿ ಮೂಸಿ ನೋಡಿ. ಕಪ್ಪು ಕಲೆ, ಜೊತೆಗೆ ಪೆಟ್ರೋಲ್ ವಾಸನೆ ಬಂದರೆ ಹೋಸಿನ ಗೋಡೆಯ ಮೂಲಕವೇ ಒಸರುತ್ತಿದೆ. ಮಧ್ಯದಲ್ಲಿ ಚೆನ್ನಾಗಿದ್ದು ಕ್ಲಾಂಪಿನ ಅಡಿಯಲ್ಲಿ ಸೀಳಿರುವುದು ಬಹಳ ಸಾಮಾನ್ಯ. ಕ್ಲಾಂಪ್ ಸರಿಸದೆ ತೀರ್ಪು ಕೊಡಬೇಡಿ.

ಉತ್ತರ 3

ಗಾಳಿ ದಾರಿಯನ್ನು ಹೊರತುದಿಯಿಂದ ಪರೀಕ್ಷಿಸುತ್ತ ಒಳಗೆ ಬನ್ನಿ. ಕ್ಯಾನಿಸ್ಟರ್‌ನ ತಾಜಾ ಗಾಳಿಯ ಬಾಯಿಯಲ್ಲಿ ಮಣ್ಣು ಅಥವಾ ಕಣಜದ ಗೂಡು ಇರಬಹುದು. ಟ್ಯಾಂಕಿನಿಂದ ಬರುವ ಹೋಸನ್ನು ಕ್ಯಾನಿಸ್ಟರ್‌ನಿಂದ ಬಿಡಿಸಿ, ಕೈಪಂಪಿನಿಂದ ಮೆಲ್ಲಗೆ ಕ್ಯಾನಿಸ್ಟರ್‌ಗೆ ಗಾಳಿ ಹಾಕಿ. ಸಲೀಸಾಗಿ ಹೋಗಬೇಕು. ಪರ್ಜ್ ಹೋಸಿನಲ್ಲಿ ಕಪ್ಪು ಕಾಳುಗಳು ಸಿಕ್ಕರೆ ಕ್ಯಾನಿಸ್ಟರ್ ಒಡೆದಿದೆ. ಬಂಕಿನಲ್ಲಿ ಗನ್ ತಾನಾಗಿ ಕಟ್ ಆದ ಮೇಲೂ ಕತ್ತಿನವರೆಗೆ ತುಂಬಿಸುವ ಅಭ್ಯಾಸ ಅದನ್ನು ಹಾಳುಮಾಡುತ್ತದೆ, ದ್ರವ ಪೆಟ್ರೋಲ್ ಇದ್ದಿಲನ್ನು ನೆನೆಸಿಬಿಡುತ್ತದೆ.

ಆಮೇಲೆ ರೋಲ್‌ಓವರ್ ವಾಲ್ವ್, ಅಂದರೆ ಕಾರು ಮಗುಚಿದರೆ ಗಾಳಿ ದಾರಿಯನ್ನು ಮುಚ್ಚುವ ವಾಲ್ವ್. ಬಿಚ್ಚಿ ನೆಟ್ಟಗೆ ಹಿಡಿದರೆ ಗಾಳಿ ಹೋಗಬೇಕು, ತಲೆಕೆಳಗು ಮಾಡಿದರೆ ಮುಚ್ಚಬೇಕು. ಮುಚ್ಚಳವನ್ನೂ ನೋಡಿ. ನೋಡಲು ಒಂದೇ ತರಹದ ಮುಚ್ಚಳಗಳಲ್ಲಿ ಕೆಲವಕ್ಕೆ ವಾಲ್ವ್ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ತಪ್ಪು ಮುಚ್ಚಳ ಕೂತಿದ್ದರೂ ಇದೇ ತೊಂದರೆ.

ಟ್ಯಾಂಕಿಗೆ ಕಂಪ್ರೆಸರ್ ಗಾಳಿ ಬೇಡವೇ ಬೇಡ. 50 ಸೆಂ.ಮೀ. ಉದ್ದಗಲದ ತಗಡಿನ ಮೇಲೆ ಬರೀ 0.05 ಬಾರ್ ಒತ್ತಡ ಎಂದರೆ ಸುಮಾರು 125 ಕೆಜಿ ಭಾರ ಹೇರಿದ ಹಾಗೆ. ಬೆಸುಗೆ ಬಿಡುತ್ತದೆ. ನಿರ್ವಾತದಲ್ಲಿ ಟ್ಯಾಂಕು ಒಳಗೆ ಕುಸಿಯುವುದೂ ಇದೇ ಲೆಕ್ಕದಿಂದ.

ಉತ್ತರ 4

ಹೋಸಿನ ಮೇಲಿನ ಅಚ್ಚು ಓದಿ ಖರೀದಿಸಿ. ಎಸ್‌ಎಇ ಜೆ30 ಎನ್ನುವುದು ಇಂಧನ ಹೋಸುಗಳ ಮಾನದಂಡ. ಅದರಲ್ಲಿ ಆರ್7 ಎಂದರೆ 50 ಪಿಎಸ್ಐ, ಸುಮಾರು 3.4 ಬಾರ್, ಆವಿಗೆ, ಕಾರ್ಬ್ಯುರೇಟರ್‌ಗೆ ಸಾಕು. ಆರ್9 ಎಂದರೆ 100 ಪಿಎಸ್ಐ, ಇಂಜೆಕ್ಷನ್‌ಗೆ. ಕೆ-ಜೆಟ್ರಾನಿಕ್‌ನಲ್ಲಿ (ಆ ಕಾಲದ ಬಾಷ್ ಇಂಜೆಕ್ಷನ್ ವ್ಯವಸ್ಥೆ) ಒತ್ತಡವೇ 5 ಬಾರ್ ಆಸುಪಾಸು ಇರುವುದರಿಂದ ಪಂಪಿನಿಂದ ಎಂಜಿನ್ ಕಡೆಗೆ ಹೋಗುವ ಭಾಗಕ್ಕೆ ಆರ್7 ಹಾಕುವುದು ಬೆಂಕಿಗೆ ಆಹ್ವಾನ. ಟ್ಯಾಂಕಿನ ಒಳಗೆ ಮುಳುಗುವ ತುಂಡಿಗೆ ಆರ್10 ಮಾತ್ರ. ಉಳಿದವುಗಳ ಹೊರಮೈ ಪೆಟ್ರೋಲಿನಲ್ಲಿ ನೆನೆದು ಕರಗುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಹಾಕುವವರು ವಿಟಾನ್ (ಇಂಧನ ತಡೆಯುವ ವಿಶೇಷ ರಬ್ಬರ್) ಒಳಪದರದ್ದನ್ನೇ ಆರಿಸಿ. ರೇಡಿಯೇಟರ್‌ನ ಸಿಲಿಕೋನ್ ಹೋಸು ಇಲ್ಲಿ ಉಬ್ಬಿ, ಒಸರಿ ಹಾಳಾಗುತ್ತದೆ.

ಚಿಕ್ಕ ಹೋಸುಗಳಿಗೆ ಪಟ್ಟಿಯಲ್ಲಿ ಸೀಳುಗಳಿರುವ ಕ್ಲಾಂಪ್ ಬೇಡ, ಸೀಳಿನ ಅಂಚು ರಬ್ಬರನ್ನು ಕತ್ತರಿಸುತ್ತದೆ. ಅಂಚು ಮಡಿಸಿದ ಇಂಜೆಕ್ಷನ್ ಕ್ಲಾಂಪ್ ಹಾಕಿ, ಪೈಪಿನ ಉಬ್ಬು ದಾಟಿದ ಮೇಲೆ ಬಿಗಿಯಿರಿ.

ಇನ್ನು ಹೋಸು ಸಾಗುವ ದಾರಿ. ವೆಂಟ್ ಹೋಸು (ಟ್ಯಾಂಕಿನ ಗಾಳಿ, ಆವಿ ಓಡಾಡುವುದು) ಟ್ಯಾಂಕಿನಿಂದ ಏರುತ್ತಲೇ ಹೋಗಬೇಕು, ಟ್ಯಾಂಕಿನ ಮಟ್ಟಕ್ಕಿಂತ ಮೇಲೆ ಹಾಯ್ದ ಮೇಲಷ್ಟೇ ಇಳಿಯಬೇಕು. ನಡುವೆ ಒಂದು ಜೋತುಬಿದ್ದ ಬಳುಕಿದ್ದರೆ ಅಲ್ಲಿ ಪೆಟ್ರೋಲ್ ನಿಂತು, ಹೊಸ ಹೋಸು ಹಾಕಿದರೂ ಹಳೆಯ ಕಾಯಿಲೆಯೇ ಮರಳುತ್ತದೆ. ಹಳೆಯ ಪೋರ್ಷೆ 911ರಂತೆ ಟ್ಯಾಂಕು ಮುಂದಿರುವ ಕಾರುಗಳಲ್ಲಿ ದಾರಿ ಉದ್ದ, ಮಡಿಕೆ ಬೀಳುವ ಜಾಗವೂ ಹೆಚ್ಚು.

ಉತ್ತರ 2 (ಮತ್ತೆ)

ಕೈ ಹಾಕುವ ಮೊದಲು: ಎಂಜಿನ್ ತಣ್ಣಗಿರಲಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಟ್ಯಾಂಕನ್ನು ಕಾಲು ಭಾಗಕ್ಕಿಂತ ಕೆಳಗಿಳಿಸಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಆದ್ದರಿಂದ ಸರ್ವಿಸ್ ಗುಂಡಿಯ ಮೇಲೆ ನಿಲ್ಲಿಸಿ ಈ ಕೆಲಸ ಬೇಡ, ಬಯಲಲ್ಲಿ ಮಾಡಿ. ಪೌಡರ್ ಅಥವಾ ಫೋಮ್ ಎಕ್ಸ್‌ಟಿಂಗ್ವಿಷರ್ ಕೈಗೆಟಕುವಂತಿರಲಿ.

ಫಿಲ್ಲರ್ ಹೋಸು (ಪೆಟ್ರೋಲ್ ತುಂಬುವ ಕತ್ತನ್ನು ಟ್ಯಾಂಕಿಗೆ ಸೇರಿಸುವುದು) ಬದಲಿಸಿದರೆ ಫಿಲ್ಲರ್ ಕತ್ತಿನಿಂದ ಬಾಡಿಗೆ ಹೋಗುವ ಸಣ್ಣ ಅರ್ಥ್ ತಂತಿ ಮರೆಯಬೇಡಿ. ರಬ್ಬರ್ ನಡುವೆ ಬಂದಾಗ ಕತ್ತಿನಲ್ಲಿ ಸ್ಟ್ಯಾಟಿಕ್ ವಿದ್ಯುತ್ ಇಳಿದುಹೋಗಲು ಅದೊಂದೇ ದಾರಿ. ತುಕ್ಕು ಉಜ್ಜಿ, ಹೊಳೆಯುವ ಲೋಹಕ್ಕೇ ಬೋಲ್ಟ್ ಕೂರಿಸಿ.