ಮೊದಲ ಕೇಪಿನ ರಿವಾಲ್ವರ್ ಕೊಳ್ಳಬೇಕು: 1851ರ ಹಿತ್ತಾಳೆಯೋ, 1858ರ ಉಕ್ಕೋ? ಅನುಭವ ಇರೋರು ಹೇಳಿ

ಕೊಲಂಬಸ್ ಹೊಸಬ:
ನಮಸ್ಕಾರ. ಓಹಾಯೋದಲ್ಲಿದ್ದೀನಿ. ಇಲ್ಲಿನ ಕ್ಲಬ್ಬಲ್ಲಿ ತಿಂಗಳಿಗೊಂದು ಸಲ ಕರಿಮದ್ದಿನ ಶೂಟಿಂಗ್ ಇರುತ್ತೆ, 25 ಗಜ, ಕಾಗದದ ಗುರಿ. ಹಳೇ ಕೇಪಿನ ರಿವಾಲ್ವರುಗಳ (ಸಿಲಿಂಡರಿನ ತೂತುಗಳಿಗೆ, ಅಂದರೆ ಚೇಂಬರುಗಳಿಗೆ, ಮದ್ದು ಗುಂಡು ತುಂಬಿ ಹಿಂದೆ ಸಿಡಿಯೋ ಕೇಪು ಕೂರಿಸೋವು) ಇಟಲಿಯಲ್ಲಿ ಮಾಡಿದ ಎರಡು ನಕಲು ನೋಡಿಟ್ಟಿದ್ದೀನಿ. 1851ರ ಕೋಲ್ಟ್ ನೇವಿಯದು, .44 (ನಳಿಗೆಯ ಒಳಅಗಲ, ಇಂಚಿನಲ್ಲಿ), ಹಿತ್ತಾಳೆ ಫ್ರೇಮು, 259 ಡಾಲರ್. 1858ರ ರೆಮಿಂಗ್ಟನ್ ಆರ್ಮಿ, .44, ಉಕ್ಕು, 369 ಡಾಲರ್. ಎಲ್ಲ ಸೇರಿ 500ರೊಳಗೆ ಮುಗಿಸಬೇಕು. ಯಾವುದು ತಗೊಳ್ಳಲಿ?

ಉಕ್ಕಿನ ಫ್ರೇಮು:
ಹಿತ್ತಾಳೆ ಬೇಡ. ನನ್ನದು ಇದೇ 1851, ಇದೇ .44, ಇದೇ ಹಿತ್ತಾಳೆ. ಹೊಸದರಲ್ಲಿ ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು 0.006 ಇಂಚು ಇತ್ತು. ಮೂರು-ಎಫ್ (ಸಣ್ಣ ಕಾಳಿನ) ಮದ್ದು 30 ಗ್ರೇನಿನಂತೆ (ಗ್ರೇನು ಅಂದರೆ ಮದ್ದಿನ ತೂಕದ ಅಳತೆ) ಸುಮಾರು 400 ಈಡು ಆದಮೇಲೆ ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ಹಾಕಿದರೆ 0.015. ಸಿಲಿಂಡರ್ ಬಿಚ್ಚಿ ಫ್ರೇಮಿನ ಹಿಂಗೋಡೆ ನೋಡಿ: ಸಿಲಿಂಡರಿನ ಹಿಂಬದಿಯ ಹಲ್ಲುಗಳ ಅಚ್ಚು ಉಂಗುರದ ಥರ ಒತ್ತಿ ಕೂತಿದೆ, ಉಗುರು ಆಡಿಸಿದರೆ ತಗಲುತ್ತೆ. ಅರ್ಬರ್ ಕಥೆ ಇನ್ನೂ ಕೆಟ್ಟದ್ದು. ಅದು ಹಿತ್ತಾಳೆಯೊಳಗೆ ತಿರುಪಿ ಕೂರಿಸಿದ ಉಕ್ಕಿನ ಕಂಬ, ಸಿಲಿಂಡರ್ ತಿರುಗೋದು ಅದರ ಮೇಲೆ. ಪ್ರತಿ ಈಡಿನ ಎಳೆತವೂ ಆ ಥ್ರೆಡ್ಡಿನ ಮೇಲೇ ಬೀಳುತ್ತೆ, ಹಿತ್ತಾಳೆ ಹಿಗ್ಗುತ್ತೆ, ಅರ್ಬರ್ ಅಲ್ಲಾಡೋಕೆ ಶುರು. ಆಮೇಲೆ ಸಿಲಿಂಡರ್ ಮುಂದಕ್ಕೆ ಜಾರಿ ಹ್ಯಾಮರಿನ ಏಟು ಕೇಪಿಗೆ ಪೂರ್ತಿ ತಾಗಲ್ಲ, ಆರರಲ್ಲಿ ಎರಡು ಸಿಡಿಯಲ್ಲ. ಸರಿಮಾಡಿಕೊಡೋಕೆ ಕೇಳಿದ್ದು 140 ಡಾಲರ್. 259ಕ್ಕೆ 140 ಸೇರಿಸಿ, ಉಕ್ಕಿನದೇ ಬರ್ತಿತ್ತು.

ಇನ್ನೊಂದು ಮಾತು. 1851ರ ನೇವಿ .44 ಅನ್ನೋ ವಸ್ತು ಇತಿಹಾಸದಲ್ಲೇ ಇಲ್ಲ. ಕೋಲ್ಟ್ ನೇವಿ ಬಂದಿದ್ದು .36ರಲ್ಲಿ, ಹಿತ್ತಾಳೆ ಫ್ರೇಮಿನಲ್ಲಿ ಯಾವತ್ತೂ ಅಲ್ಲ.

ಹಿತ್ತಾಳೆ 36:
ಹಿತ್ತಾಳೆಗೆ 30 ಗ್ರೇನು ಸುರಿದವರು ನೀವು, ತಪ್ಪು ಹಿತ್ತಾಳೆದಾ? ಹಿತ್ತಾಳೆ ಫ್ರೇಮಿನ .36ಕ್ಕೆ 15 ಗ್ರೇನು, .44 ಆದರೆ 20, ಅಲ್ಲಿಗೆ ನಿಲ್ಲಿಸಬೇಕು. ನನ್ನ .36ರಲ್ಲಿ 2,000 ದಾಟಿದೆ. ಸಂದು 0.007 ಇದ್ದದ್ದು 0.008. ಅಚ್ಚು ಇಲ್ಲ, ಅಲ್ಲಾಟ ಇಲ್ಲ.

15 ಗ್ರೇನು ಹಾಕಿದಾಗ ಗುಂಡು ಚೇಂಬರಿನ ತಳಕ್ಕೆ ಇಳಿದುಬಿಡುತ್ತೆ, ನಳಿಗೆ ಸೇರೋ ಮೊದಲೇ ಉದ್ದಕ್ಕೆ ನೆಗೆಯಬೇಕು, ಗುರಿಯ ಮೇಲೆ ತೂತುಗಳ ಗುಂಪು ಚದುರುತ್ತೆ. ಅದಕ್ಕೆ ಮದ್ದಿನ ಮೇಲೆ ರವೆ ಹಾಕಬೇಕು. ಹೌದು, ಉಪ್ಪಿಟ್ಟಿನ ಮಾಮೂಲಿ ರವೆ, ಹುರಿಯದ್ದು. ಮದ್ದು ಅಳೆಯೋ ಅದೇ ಅಳತೆಗುಂಡಿಯಲ್ಲಿ 10 ಗ್ರೇನಿನ ಗುರುತಿನಷ್ಟು. ಆಮೇಲೆ ಫೆಲ್ಟ್ ಬಿಲ್ಲೆ, ಅದರ ಮೇಲೆ ಗುಂಡು. ಗುಂಡಿನ ನೆತ್ತಿ ಚೇಂಬರಿನ ಬಾಯಿಗಿಂತ ಒಂದು ಕೂದಲಷ್ಟು ಕೆಳಗೆ ನಿಲ್ಲಬೇಕು, ಮೇಲೆ ಉಳಿದರೆ ಸಿಲಿಂಡರ್ ತಿರುಗಲ್ಲ. 25 ಗಜದಲ್ಲಿ ರವೆ ಇಲ್ಲದೆ ಐದು ಇಂಚು, ರವೆ ಹಾಕಿದರೆ ಮೂರು.

ಇತಿಹಾಸದ ಮಾತು ಎತ್ತಿದ್ದೀರಲ್ಲ, ಅಂತರ್ಯುದ್ಧದಲ್ಲಿ ದಕ್ಷಿಣದವರಿಗೆ ಜಾರ್ಜಿಯಾದ ಗ್ರಿಸ್‌ವೋಲ್ಡ್ ಅಂಡ್ ಗನ್ನಿಸನ್ ಮಾಡಿಕೊಟ್ಟ .36 ರಿವಾಲ್ವರಿನ ಫ್ರೇಮು ಹಿತ್ತಾಳೆಯದೇ. ಕಬ್ಬಿಣದ ಅಭಾವಕ್ಕೆ ಮಾಡಿದ್ದು, ಕೆಲಸ ಮಾಡಿತು.

ಧಾರವಾಡ–ಡಲ್ಲಾಸ್:
500ರಾಗ ಮುಗಸ್ತೀನಿ ಅನ್ನೋದು ಬಿಟ್‌ಬಿಡ್ರಿ. ರಿವಾಲ್ವರ್ ರೊಕ್ಕ ಅರ್ಧಾನೂ ಅಲ್ಲ. ನನ್ನ ಚೀಟಿ ಹಿಂಗದ, ಉಕ್ಕಿನ ರೆಮಿಂಗ್ಟನ್ನಿಂದು. ರಿವಾಲ್ವರ್ 369, ಸಾಗಾಣಿಕೆ 18.50. ಮದ್ದಿನ ಫ್ಲಾಸ್ಕ್ 38. ಬ್ಯಾರೆ ನಿಪ್ಪಲ್ (ಕೇಪು ಕೂಡೋ ಸಣ್ಣ ಕೊಳವಿ) ಆರು 34, ನಿಪ್ಪಲ್ ವ್ರೆಂಚ್ 12, ಕೇಪು ಕೂಡಸೋ ಕ್ಯಾಪರ್ 32. .454 ಗುಂಡು ನೂರರ ಡಬ್ಬಿ ಎರಡು 38, ಫೆಲ್ಟ್ ಬಿಲ್ಲೆ ನೂರು 14. ಮದ್ದು ಐದು ಪೌಂಡ್ 145, ಅದರ ಮ್ಯಾಲೆ ಹಜ್‌ಮ್ಯಾಟ್ (ಅಪಾಯದ ಸಾಮಾನಿನ ಶುಲ್ಕ) ಮತ್ತ ಸಾಗಾಣಿಕೆ 55. ಕೇಪು ಹತ್ತು ಡಬ್ಬಿ 110. ಒಟ್ಟು 865.50. ಹಜ್‌ಮ್ಯಾಟ್ ರೊಕ್ಕ ಪೆಟ್ಟಿಗೆಗೊಂದು, ಪೌಂಡಿಗಲ್ಲ. ಒಂದು ಪೌಂಡ್ ತರಿಸಿದ್ರೂ ಅಷ್ಟ, ಐದು ತರಿಸಿದ್ರೂ ಅಷ್ಟ. ಒಂದೊಂದ ಪೌಂಡ್ ತರಸಬ್ಯಾಡ್ರಿ, ಕ್ಲಬ್ಬಿನವ್ರ ಜೋಡಿ ಕೂಡಿ ತರಸ್ರಿ.

ಈಡಿನ ಲೆಕ್ಕಾನೂ ಹೇಳ್ತೀನಿ. ಪೌಂಡಿಗೆ 7,000 ಗ್ರೇನು, 28ರಂಗ 250 ಈಡು. ಮದ್ದು 16 ಸೆಂಟ್, ಕೇಪು 11, ಗುಂಡು 19, ಬಿಲ್ಲೆ 14. ಒಂದ್ ಸಲ ಢಂ ಅಂದ್ರ 60 ಸೆಂಟ್. ಗುಂಡು ಮನ್ಯಾಗ ಎರಕ ಹೊಯ್ದ್ರ ಇಳೀತದ, ಆದ್ರ ಸೀಸ ಮೆತ್ತಂದು ಇರಬೇಕು. ಕಾರಿನ ಗಾಲಿಗೆ ಹಾಕೋ ತೂಕದ ಸೀಸ ಗಟ್ಟಿ, ಅದನ್ನ ತುಂಬಾಕ ಹೋದ್ರ ಲೋಡಿಂಗ್ ಲಿವರ್ ಬಾಗ್ತದ. ಮೆತ್ತನ ಸೀಸ ಆದ್ರ ಒತ್ತಿದಾಗ ಅಂಚಿನಿಂದ ತೆಳು ಉಂಗುರ ಕೆತ್ತಿ ಬರ್ತದ. ಪೂರ್ತಿ ಉಂಗುರ ಬಂತಂದ್ರ ಚೇಂಬರ್ ಮುಚ್ಚೇದ ಅಂತ ತಿಳೀರಿ.

ಬೆಣೆ ಮತ್ತು ಅರ್ಬರ್:
ಹಿತ್ತಾಳೆ ಉಕ್ಕು ಅಂತ ಜಗಳ ಆಡ್ತಿದ್ದೀರಿ, ಮೇಲ್ಪಟ್ಟಿ (ಸಿಲಿಂಡರಿನ ಮೇಲೆ ಹಾಯೋ ಫ್ರೇಮಿನ ಪಟ್ಟಿ) ಇಲ್ಲದ ಕೋಲ್ಟ್ ಮಾದರಿ ಯಾವುದೇ ಆಗಲಿ ಮೊದಲು ನೋಡಬೇಕಾದ್ದು ಅರ್ಬರಿನ ತುದಿ ನಳಿಗೆಯ ತೂತಿನ ತಳ ಮುಟ್ಟುತ್ತಾ ಅಂತ. ಮುಟ್ಟದಿದ್ದರೆ, ನಳಿಗೆಯನ್ನ ಅರ್ಬರಿಗೆ ಬಿಗಿಯೋ ಬೆಣೆ ಬಡಿದಷ್ಟೂ ನಳಿಗೆ ಹಿಂದಕ್ಕೆ ಬಂದು ಸಿಲಿಂಡರ್ ಬಿಗಿಯುತ್ತೆ, ಸ್ವಲ್ಪ ಸಡಿಲ ಬಿಟ್ಟರೆ ಸಂದು ಅಗಲ. ಪ್ರತಿ ಸಲ ಜೋಡಿಸಿದಾಗ ಗುರಿ ಬೇರೆ.

ಪರೀಕ್ಷೆ ಎರಡು ನಿಮಿಷದ್ದು. ಬೆಣೆ ತೆಗೆದು ಸಿಲಿಂಡರ್ ಈಚೆಗಿಡಿ. ನಳಿಗೆಯನ್ನು ಪಕ್ಕಕ್ಕೆ ತಿರುಗಿಸಿ ಅರ್ಬರಿಗೆ ತೂರಿಸಿ ಕೊನೆತನಕ ಒತ್ತಿ, ನಿಧಾನ ನೇರಕ್ಕೆ ತನ್ನಿ. ನಳಿಗೆಯ ಕೆಳಗಿನ ಮುಖ ಫ್ರೇಮಿನ ಪಕ್ಕ ಸಮ ನಿಂತರೆ ಸರಿ. ಫ್ರೇಮಿನ ಮೇಲೆ ಹತ್ತಿ ಕೂತರೆ ಅರ್ಬರ್ ಗಿಡ್ಡ. ನನ್ನದರಲ್ಲಿ 0.1 ಇಂಚು ಗಿಡ್ಡ ಇತ್ತು. ತೂತಿನ ತಳಕ್ಕೆ ಉಕ್ಕಿನ ವಾಷರ್ ಒಂದೊಂದೇ ಹಾಕಿ, ಕೊನೆಯದನ್ನು ಅರದಲ್ಲಿ ತೀಡಿ, ಬೆಣೆ ಬಿಗಿಯಾಗಿದ್ದಾಗ ಸಂದು 0.004 ಬರೋ ಹಾಗೆ ಮಾಡಿದೆ. ಎರಡು ಡಾಲರ್ ಸಾಮಾನು. ಅದಾದ ಮೇಲೆ ಬೆಣೆಯನ್ನು ಮರದ ಸುತ್ತಿಗೆಯಲ್ಲಿ ಧೈರ್ಯವಾಗಿ ಬಡಿಯಬಹುದು.

ಉಕ್ಕಿನ ಫ್ರೇಮಿನ ಸರ್, ನಿಮ್ಮ ಅರ್ಬರ್ ಅಲ್ಲಾಡಿದ್ದಕ್ಕೂ ಇದೇ ಕಾರಣ ಇರಬಹುದು. ಅಳತೆ ನೋಡಿದ್ರಾ?

ಉಕ್ಕಿನ ಫ್ರೇಮು:
ನೋಡಿದ್ದೀನಿ, ತಳ ಮುಟ್ಟುತ್ತೆ. ಎಲ್ಲದಕ್ಕೂ ವಾಷರ್ ಮದ್ದಲ್ಲ.

ಕೊಡಗಿನ ಕೋವಿ, ಟೆನೆಸಿ:
ರೆಮಿಂಗ್ಟನ್ ತಗೊಳ್ಳಿ, ಬೆಣೆಯ ತಾಪತ್ರಯವೇ ಇಲ್ಲ. ಮೇಲ್ಪಟ್ಟಿ ಇದೆ, ನಳಿಗೆ ಫ್ರೇಮಿಗೇ ಕಚ್ಚಿದೆ, ಲಿವರ್ ಇಳಿಸಿ ಪಿನ್ನು ಎಳೆದರೆ ಸಿಲಿಂಡರ್ ಕೈಗೆ ಬರ್ತದೆ. 1858 ಅಂತ ಕರೆಯೋದು ನಳಿಗೆ ಮೇಲಿನ ಪೇಟೆಂಟ್ ತಾರೀಖಿನಿಂದ, 14 ಸೆಪ್ಟೆಂಬರ್ 1858. ಆರ್ಮಿ ಮಾದರಿ ಬಂದದ್ದು ಅಂತರ್ಯುದ್ಧದ ಹೊತ್ತಿಗೆ.

ಊರಿನ ಕೇಪಿನ ಕೋವಿಯಲ್ಲಿ ಪಳಗಿದವರಿಗೂ ಇಲ್ಲಿ ಹೊಸದಾಗಿ ಕಾಣೋದು ಕೇಪಿನ ಚೂರು. ಒಡೆದ ಕೇಪು ಹ್ಯಾಮರ್ ಓಡಾಡೋ ಫ್ರೇಮಿನ ಸೀಳಿಗೆ ಬಿತ್ತೋ, ಆಟ ನಿಂತಿತು. ಕೋಲ್ಟಿನಲ್ಲಿ ಪ್ರತಿ ಎರಡು ಸುತ್ತಿಗೆ (ಒಂದು ಸುತ್ತು ಅಂದರೆ ಸಿಲಿಂಡರಿನ ಆರೂ ಈಡು) ಒಮ್ಮೆ. ಕಾರ್ಖಾನೆ ನಿಪ್ಪಲ್ ದಪ್ಪ ಇದ್ದರೆ 11ನೇ ನಂಬರ್ ಕೇಪು ಅರ್ಧಕ್ಕೇ ಕೂರ್ತದೆ. ಮೊದಲ ಏಟಿಗೆ ಕೇಪು ಒಳಕ್ಕೆ ಇಳಿಯೋದು, ಎರಡನೇ ಏಟಿಗೆ ಸಿಡಿಯೋದು. ಜನ ಸ್ಪ್ರಿಂಗಿಗೆ ಬೈತಾರೆ. ಸ್ಪ್ರಿಂಗ್ ಮುಟ್ಟಬೇಡಿ. 10ನೇ ನಂಬರಿನ ಒಳ್ಳೆ ನಿಪ್ಪಲ್ ಹಾಕಿ. ಇಟಲಿಯ ಈ ಮಾದರಿಗಳಿಗೆ ಥ್ರೆಡ್ 6 ಮಿ.ಮೀ. × 0.75, ರೂಗರ್ ಕಂಪನಿಯ ಓಲ್ಡ್ ಆರ್ಮಿ ರಿವಾಲ್ವರಿನದ್ದು ಬೇರೆ, ಕೇಳಿ ತರಿಸಿ. ಕೇಪನ್ನು ಮರದ ಕಡ್ಡಿಯಲ್ಲಿ ಒತ್ತಿ ಕೂರಿಸಿ, ನಳಿಗೆ ಗುರಿಯ ಕಡೆಗೇ ಇರಲಿ.

ಬೆಣೆ ಮತ್ತು ಅರ್ಬರ್:
ರೆಮಿಂಗ್ಟನ್ ಮೂರನೇ ಸುತ್ತಿಗೆ ಬಿಗಿಯೋದನ್ನ ಯಾಕೆ ಹೇಳಲಿಲ್ಲ? ಅದರ ಪಿನ್ನು ಸಣ್ಣ, ನುಣುಪು. ಸಂದಿನಿಂದ ಚಿಮ್ಮಿದ ಮಸಿ ನೇರ ಪಿನ್ನಿನ ಮೇಲೇ ಬೀಳುತ್ತೆ. ಕೋಲ್ಟಿನ ಅರ್ಬರ್ ದಪ್ಪ, ಗ್ರೀಸು ಹಿಡಿಯೋಕೆ ತೋಡು ಕೊರೆದಿದ್ದಾರೆ, ಹತ್ತು ಸುತ್ತು ಓಡುತ್ತೆ. ಕೇಪಿನ ಚೂರಿಗೆ ಹ್ಯಾಮರಿನ ದಾರಿಯಲ್ಲಿ ಒಂದು ಸಣ್ಣ ಪಿನ್ನು ನೆಟ್ಟರೆ ಸಾಕು, ಹ್ಯಾಮರ್ ಹಿಂದೆ ಹೋಗುವಾಗ ಕೇಪನ್ನು ಎಳೆದುಕೊಂಡು ಬರಲ್ಲ.

ಕೊಡಗಿನ ಕೋವಿ, ಟೆನೆಸಿ:
ಪಿನ್ನಿಗೆ ಗ್ರೀಸು ಬಳಿದು ಪ್ರತಿ ಎರಡು ಸುತ್ತಿಗೆ ಒದ್ದೆ ಬಟ್ಟೆಯಲ್ಲಿ ಸಿಲಿಂಡರಿನ ಮುಖ ಒರೆಸಿದರೆ ನನ್ನದು 36 ಈಡು ನಿಲ್ಲದೆ ಹೋಗ್ತದೆ. ಹೊಸಬರ ಕೈಗೆ ಡ್ರಿಲ್ ಕೊಟ್ಟು ಫ್ರೇಮು ಕೊರೆಯಿರಿ ಅನ್ನೋದಕ್ಕಿಂತ ಇದು ಮೇಲು.

ಕೊಲಂಬಸ್ ಹೊಸಬ:
ರೆಮಿಂಗ್ಟನ್ ಕಡೆಗೇ ಮನಸ್ಸು ವಾಲಿದೆ. ಕ್ಲಬ್ಬಲ್ಲಿ ಒಬ್ಬರು ಹಳೆಯದೊಂದನ್ನ 220ಕ್ಕೆ ಕೊಡ್ತೀನಿ ಅಂತಿದ್ದಾರೆ. ನೋಡಬಹುದಾ?

ಉಕ್ಕಿನ ಫ್ರೇಮು:
ನಿಪ್ಪಲ್ ಆರೂ ಬಿಚ್ಚಿ ತೋರಿಸೋಕೆ ಹೇಳಿ. ಬಿಚ್ಚಲಾಗದಿದ್ದರೆ ಬೇಡ, ಒಳಗೆ ತುಕ್ಕು. ಚೇಂಬರಿನ ತಳಕ್ಕೆ ಟಾರ್ಚ್ ಬಿಡಿ. ಹ್ಯಾಮರ್ ನಿಧಾನ ಎಳೆದು ಆರೂ ಕಡೆ ಸಿಲಿಂಡರ್ ಲಾಕ್ ಆಗುತ್ತಾ ನೋಡಿ, ಸಿಲಿಂಡರಿನ ಮೇಲೆ ಲಾಕ್ ಕೂರೋ ತೋಡಿನ ಅಂಚು ಎದ್ದು ಮಡಚಿದ್ದರೆ ಯಾರೋ ಜೋರಾಗಿ ಆಡಿಸಿದ್ದಾರೆ ಅಂತ. ಫ್ರೇಮಿನ ಮೇಲೆ ಚೌಕದೊಳಗೆ ಎರಡಕ್ಷರ ಇರುತ್ತೆ, ಇಟಲಿಯ ಪರೀಕ್ಷಾ ವರ್ಷದ ಗುರುತು. ಎಎ ಅಂದರೆ 1975, ಅಲ್ಲಿಂದ ಮುಂದಕ್ಕೆ.

ಧಾರವಾಡ–ಡಲ್ಲಾಸ್:
ಕಾನೂನಿಂದೂ ಒಂದ್ ಮಾತು. 1968ರ ಫೆಡರಲ್ ಕಾಯ್ದೆ ಪ್ರಕಾರ ಇವು ಆಂಟಿಕ್ (ಹಳೇ ಕಾಲದ ಆಯುಧ) ಲೆಕ್ಕದಾಗ ಬರ್ತಾವ, ಮನೀಗೆ ಪಾರ್ಸಲ್ ಬರ್ತದ. ಆದ್ರ ರಾಜ್ಯ ರಾಜ್ಯಕ್ಕ ಬ್ಯಾರೆ, ನ್ಯೂಜೆರ್ಸಿಯಾಗ ಬ್ಯಾರೆ ಪಿಸ್ತೂಲಿನಂಗ ಪರ್ಮಿಟ್ ಬೇಕು. ತೋಟಾ ಹಾಕೋ ಕನ್ವರ್ಷನ್ ಸಿಲಿಂಡರ್ ಕೂಡ್ಸಿದ್ರ ಆಂಟಿಕ್ ಲೆಕ್ಕ ಹೋತು. ವೀಸಾದ ಮ್ಯಾಲೆ ಇರೋರು ವಕೀಲರನ್ನ ಕೇಳಿದ ಮ್ಯಾಲೆ ಕೈ ಹಾಕ್ರಿ.

ಜೇನುಮೇಣ:
ಗ್ರೀಸು ಗ್ರೀಸು ಅಂತಿದ್ದೀರಿ, ಯಾವುದು ಅಂತ ಯಾರೂ ಹೇಳಲಿಲ್ಲ. ಪೆಟ್ರೋಲಿಯಂ ಗ್ರೀಸು ಕರಿಮದ್ದಿನ ಜೊತೆ ಸುಟ್ಟು ಡಾಂಬರಿನಂತೆ ಅಂಟುತ್ತದೆ. ಆಲಿವ್ ಎಣ್ಣೆ ಮೂರು ಪಾಲು, ಜೇನುಮೇಣ ಒಂದು ಪಾಲು, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಬಿಲ್ಲೆಗಳನ್ನು ಅದರಲ್ಲಿ ಅದ್ದಿ, ಎರಡು ತಟ್ಟೆಗಳ ನಡುವೆ ಹಿಂಡಿ ತೆಗೆಯಿರಿ. ಬೇಸಿಗೆಗೆ ಎಣ್ಣೆ ಎರಡೇ ಪಾಲು.

ಉಕ್ಕಿನ ಫ್ರೇಮು:
ಮೇಡಂ, ಕುರಿಕೊಬ್ಬಿಗೆ ಸಮ ಯಾವುದೂ ಇಲ್ಲ. ಪ್ಯಾರಫಿನ್ ಒಂದು, ಕುರಿಕೊಬ್ಬು ಒಂದು, ಜೇನುಮೇಣ ಅರ್ಧ. ಮಸಿ ಮೆತ್ತಗೇ ಇರುತ್ತೆ.

ಜೇನುಮೇಣ:
ನಮ್ಮ ಮನೆಯ ಒಲೆಯ ಮೇಲೆ ಕೊಬ್ಬು ಕರಗಿಸುವುದಿಲ್ಲ, ಕರಗಿಸಬೇಕಾಗಿಯೂ ಇಲ್ಲ. ಆರು ಸುತ್ತು ಆದಮೇಲೂ ನನ್ನ ನಳಿಗೆಯಲ್ಲಿ ಒಣ ಬಟ್ಟೆ ತಡೆಯಿಲ್ಲದೆ ಓಡುತ್ತದೆ. ನಿಮ್ಮದರಲ್ಲಿ?

ಹಿತ್ತಾಳೆ 36:
ನಾನು ತುಪ್ಪ, ಕೊಬ್ಬರಿ ಎಣ್ಣೆ ಎರಡೂ ನೋಡಿದೆ. ಕೊಬ್ಬರಿ ಎಣ್ಣೆ 24 ಡಿಗ್ರಿಗೇ ಕರಗಿ ಮದ್ದಿಗೆ ಇಳಿಯಿತು, ಈಡು ಠುಸ್. ತುಪ್ಪ ಜುಲೈನಲ್ಲಿ ಅದೇ ಗತಿ. ಉಪ್ಪು ಹಾಕಿದ ಬೆಣ್ಣೆ ಹತ್ತಿರ ತರಬೇಡಿ, ತುಕ್ಕು. ಗುಂಡಿನ ಮೇಲೆ ಗ್ರೀಸು ಬಳಿಯದಿದ್ದರೆ ಪಕ್ಕದ ಚೇಂಬರಿಗೂ ಬೆಂಕಿ ಹತ್ತುತ್ತೆ ಅನ್ನೋರಿದ್ದಾರೆ. ಉಂಗುರ ಪೂರ್ತಿ ಕೆತ್ತಿ ಬಂದಿದ್ದರೆ ಮುಂದಿನಿಂದ ಹತ್ತಲ್ಲ. ಸಡಿಲ ಕೇಪು ಉದುರಿದ ಚೇಂಬರಿಗೆ ಹಿಂದಿನಿಂದಲೇ ಹತ್ತೋದು.

ಕೊಡಗಿನ ಕೋವಿ, ಟೆನೆಸಿ:
ಮುಂದಿನಿಂದ ಹತ್ತಲ್ಲ ಅಂತ ಹೊಸಬರಿಗೆ ಹೇಳಬೇಡಿ ಮಾರಾಯ್ರೆ. ಗುಂಡಿನಲ್ಲಿ ಎರಕದ ಬಾಲದ (ಅಚ್ಚಿಗೆ ಸೀಸ ಹೊಯ್ದ ಬಾಯಿಯ ಗುರುತು) ಕಡೆ ತಗ್ಗು ಇದ್ದು ಅದು ಅಂಚಿಗೆ ಬಂದರೆ, ಚೇಂಬರ್ ಒಳಗೆ ಗೀರು ಇದ್ದರೆ, ಉಂಗುರ ಬಂದರೂ ಸಂದು ಉಳೀತದೆ. ಬಾಲ ಮೇಲ್ಮುಖ ಮಾಡಿ ತುಂಬಿ, ಬಿಲ್ಲೆಯೂ ಹಾಕಿ, ಕೇಪೂ ಬಿಗಿ ಇರಲಿ. ಮೂರೂ ಬೇಕು.

ಹಿತ್ತಾಳೆ 36:
ಬಾಲ ಮೇಲೆ ಇರಬೇಕು ಅನ್ನೋದು ಒಪ್ಪಿದೆ. ಉಳಿದದ್ದು ಒಪ್ಪಲ್ಲ.

ಜೇನುಮೇಣ:
ಹೊಸಬರೇ, ಇವರ ಜಗಳ ಮುಗಿಯುವುದಿಲ್ಲ. ಯಾವುದನ್ನೇ ಕೊಂಡರೂ ಅದೇ ದಿನ ಸಂಜೆ ತೊಳೆಯಿರಿ. ಮರದ ಹಿಡಿ ಬಿಚ್ಚಿ, ಬಿಸಿನೀರು, ಪಾತ್ರೆ ತೊಳೆಯುವ ಸೋಪು, ನಿಪ್ಪಲ್ಲುಗಳನ್ನು ಚಹಾ ಸೋಸುವ ಜಾಲರಿಯಲ್ಲಿ ಹಾಕಿ, ಸಿಂಕಿನ ತೂತಿಗೆ ಜಾರಿದರೆ ಸಿಗುವುದಿಲ್ಲ. ಓವನ್ 200 ಫ್ಯಾರನ್‌ಹೀಟಿನಲ್ಲಿ 15 ನಿಮಿಷ, ಬೆಚ್ಚಗಿರುವಾಗಲೇ ಎಣ್ಣೆ. ನಿಪ್ಪಲ್ಲಿನ ಥ್ರೆಡ್ಡಿಗೆ ಆಂಟಿ-ಸೀಜ್ (ತಿರುಪು ಕಚ್ಚಿಕೊಳ್ಳದಂತೆ ಹಚ್ಚುವ ಲೇಪ) ಒಂದು ಚುಕ್ಕೆ.

ಉಕ್ಕಿನ ಫ್ರೇಮು:
ಓವನ್ ಬೇಡ. ಕುದಿಯೋ ನೀರಿಂದ ತೆಗೆದರೆ ತಾನಾಗೇ ಒಣಗುತ್ತೆ.

ಜೇನುಮೇಣ:
ಹೊರಮೈ ಒಣಗುತ್ತದೆ. ಸಿಲಿಂಡರನ್ನು ಲಾಕ್ ಮಾಡುವ ಬೋಲ್ಟಿನ ಸ್ಪ್ರಿಂಗಿನ ತಿರುಪಿನ ಕೆಳಗೆ ನೀರು ನಿಲ್ಲುತ್ತದೆ, ಸ್ಪ್ರಿಂಗಿನ ಕಾಲು ಮುರಿಯುವುದು ಅಲ್ಲೇ. ಮುಂದಿನ ಸಲ ಬಿಚ್ಚಿದಾಗ ಆ ತಿರುಪಿನ ಗುಂಡಿಯೊಳಗೆ ಹತ್ತಿ ಕಡ್ಡಿ ಇಟ್ಟು ಬಣ್ಣ ನೋಡಿ.